ಹೊಗಳಿಕೆಯಿಂದ ಏರದ ಆತ್ಮಗೌರವ

"ಹುಡುಗ ಶಾಣ್ಯಾ ಅದಾನ್ರೀ, ಕಾನ್ಫಿಡೆನ್ಸ್ ಒಂದು ಇಲ್ಲ. ನೀವ ಸ್ವಲ್ಪ ಧೈರ್ಯ ಹೇಳ್ರಿ." ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ತಂದೆತಾಯಿ ಆಪ್ತಸಮಾಲೋಚಕರ ಎದುರು ಕೂತಾಗ ಮಾತು ಶುರುವಾಗುವುದು ಬಹುಪಾಲು ಹೀಗೆಯೇ. ನಾಲ್ಕು ಒಳ್ಳೆಯ ಮಾತು ಬಿದ್ದರೆ ಕುಗ್ಗಿದ ಮನಸ್ಸು ಎದ್ದು ನಿಲ್ಲುತ್ತದೆ ಎಂಬುದು ಅವರ ನಂಬಿಕೆ. ಪ್ರೀತಿಯಿಂದ ಬಂದ ನಂಬಿಕೆ ಅದು, ಆದರೆ ಸಂಶೋಧನೆ ಅದನ್ನು ಒಪ್ಪುವುದಿಲ್ಲ. ಬರೀ ಹೊಗಳಿಕೆಯಿಂದ ಆತ್ಮಗೌರವ ಏರುವುದಿಲ್ಲ. ಕೆಲವು ಮಕ್ಕಳಲ್ಲಿ ಹೊಗಳಿಕೆಯೇ ಅದನ್ನು ಇನ್ನಷ್ಟು ಅಲುಗಾಡಿಸುತ್ತದೆ. ಏಕೆಂದು ತಿಳಿಯಬೇಕಾದರೆ, ನಮ್ಮ ಬೆಲೆಯನ್ನು ನಾವು ಯಾವುದರ ಮೇಲೆ ಕಟ್ಟಿಕೊಳ್ಳುತ್ತೇವೆ ಎಂಬುದನ್ನು ಮೊದಲು ನೋಡಬೇಕು.

ಇದಕ್ಕೆ ಮೊದಲ ಲೆಕ್ಕ ಹಾಕಿಕೊಟ್ಟವರು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್, 1890ರಲ್ಲಿ. ಸಾಧನೆಯನ್ನು ಹಂಬಲದಿಂದ ಭಾಗಿಸಿದರೆ ಬರುವುದೇ ಆತ್ಮಗೌರವ ಎಂದರು ಅವರು. ಇಡೀ ಜಗತ್ತಿನಲ್ಲಿ ಒಬ್ಬನನ್ನು ಬಿಟ್ಟು ಉಳಿದವರನ್ನೆಲ್ಲ ಸೋಲಿಸಬಲ್ಲ ಮುಷ್ಟಿಕಾಳಗದವನು ಆ ಒಬ್ಬನಿಂದಾಗಿ ನಾಚಿ ಸಾಯುತ್ತಾನೆ. ಯಾರನ್ನೂ ಸೋಲಿಸಲಾಗದ ಬಡಕಲು ಮನುಷ್ಯ ಅದರ ಬಗ್ಗೆ ಚಿಂತೆಯನ್ನೇ ಮಾಡುವುದಿಲ್ಲ. ಇದು ಜೇಮ್ಸ್ ಅವರದೇ ಉದಾಹರಣೆ. ವಿಜಯಪುರದ ಒಂದು ರೀಡಿಂಗ್ ರೂಮಿನಲ್ಲಿ ಪಿಎಸ್‌ಐ ಪರೀಕ್ಷೆಗೆ ಓದುವ ಇಬ್ಬರನ್ನು ಊಹಿಸಿಕೊಳ್ಳಿ. ಇಬ್ಬರಿಗೂ ಬಂದ ಅಂಕ ಒಂದೇ, ಇಬ್ಬರ ಹೆಸರೂ ಪಟ್ಟಿಯಲ್ಲಿಲ್ಲ. ಒಬ್ಬ ಮಾರನೇ ದಿನವೇ ಎಫ್‌ಡಿಎ ಅರ್ಜಿ ತುಂಬುತ್ತಾನೆ. ಇನ್ನೊಬ್ಬ ಹದಿನೈದು ದಿನ ಊರಿಗೆ ಹೋಗುವುದಿಲ್ಲ, ಫೋನ್ ಎತ್ತುವುದಿಲ್ಲ, ಏಕೆಂದರೆ ಅವನ ಓಣಿಯವರು ಆಗಲೇ ಅವನನ್ನು "ಸಾಹೇಬರ" ಎಂದು ಕರೆಯಲು ಶುರು ಮಾಡಿದ್ದರು. ಭಾಗಾಕಾರದಲ್ಲಿ ಮೇಲಿನ ಸಾಧನೆ ಒಂದೇ ಆಗಿದ್ದರೂ ಕೆಳಗಿನ ಹಂಬಲ ಬೇರೆ. ಹಂಬಲವೊಂದನ್ನು ಕೈಬಿಡುವುದು ಅದು ಈಡೇರಿದಷ್ಟೇ ಹಗುರ ಎನಿಸುತ್ತದೆ ಎಂದೂ ಜೇಮ್ಸ್ ಬರೆದರು. ನಾಲ್ಕನೇ ಬಾರಿ ಪರೀಕ್ಷೆ ಕಟ್ಟುವ ಹುಡುಗನಿಗೆ ಈ ಮಾತನ್ನು ಯಾರೂ ಹೇಳುವುದಿಲ್ಲ, ಹೇಳಬೇಕು.

ಕೆಲಸದ ಧೈರ್ಯ ಮತ್ತು ತನ್ನ ಬಗೆಗಿನ ಗೌರವ, ಇವೆರಡೂ ಒಂದೇ ಅಲ್ಲ. ಇಳಕಲ್ಲಿನ ನೇಕಾರ ಹೆಣ್ಣುಮಗಳೊಬ್ಬಳು ಸೀರೆಯ ಒಡಲಿನ ಹಾಸು ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುವಾಗ ಕೈ ಒಂದಿಷ್ಟೂ ಅಳುಕುವುದಿಲ್ಲ. ಅದೇ ಹೆಣ್ಣುಮಗಳು ಬ್ಯಾಂಕಿನ ಕೌಂಟರ್ ಮುಂದೆ ಚಲನ್ ತುಂಬುವಾಗ ಬೆವರುತ್ತಾಳೆ. 'ಈ ಕೆಲಸ ನನ್ನ ಕೈಲೆ ಆಗ್ತದ' ಎಂಬ ನಂಬಿಕೆ ಒಂದೊಂದು ಕೆಲಸಕ್ಕೆ ಒಂದೊಂದು ತೆರನಾಗಿರುತ್ತದೆ. 1977ರಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ಅದಕ್ಕೆ ನಾಲ್ಕು ಮೂಲಗಳನ್ನು ಗುರುತಿಸಿದರು: ತಾನೇ ಮಾಡಿ ಗೆದ್ದದ್ದು, ತನ್ನಂಥವರು ಮಾಡಿದ್ದನ್ನು ಕಂಡದ್ದು, ಬೇರೆಯವರು ಹುರಿದುಂಬಿಸಿದ್ದು, ಆ ಹೊತ್ತಿಗೆ ಮೈ ಹೇಗಿತ್ತು ಎಂಬುದು. ನಾಲ್ಕರಲ್ಲಿ ತಾನೇ ಮಾಡಿ ಗೆದ್ದದ್ದಕ್ಕೆ ಬಲ ಹೆಚ್ಚು. ತಂದೆತಾಯಿ ಕೇಳುವ 'ಧೈರ್ಯ ಹೇಳುವುದು' ಇದರ ಮುಂದೆ ಬಹಳ ಬಡಕಲು. ಆತ್ಮಗೌರವ ಇದಕ್ಕಿಂತ ಅಗಲವಾದದ್ದು. ಬ್ಯಾಂಕಿನಿಂದ ಹೊರಬಂದ ಮೇಲೆ ಅವಳು "ನನಗ ಫಾರ್ಮ್ ತುಂಬಾಕ ಬರೂದಿಲ್ಲ" ಅಂದುಕೊಂಡರೆ ಅದು ಒಂದು ಕೌಶಲದ ಮಾತು. "ನಾನ ಯಾವುದಕ್ಕೂ ಬರಾಕಿ ಅಲ್ಲ" ಅಂದುಕೊಂಡರೆ ಅಲ್ಲಿಂದ ಆತ್ಮಗೌರವದ ಪ್ರಶ್ನೆ ಶುರು.

ಅಳೆಯುವುದು ಹೇಗೆ? ಇಂದಿಗೂ ಹೆಚ್ಚು ಬಳಕೆಯಲ್ಲಿರುವ ಅಳತೆ 1965ರಲ್ಲಿ ಮಾರಿಸ್ ರೋಸೆನ್‌ಬರ್ಗ್ ರೂಪಿಸಿದ್ದು. ಅದರಲ್ಲಿ ಹತ್ತು ವಾಕ್ಯಗಳಿವೆ, ಪ್ರತಿಯೊಂದಕ್ಕೂ 'ಪೂರ್ತಿ ಒಪ್ಪುತ್ತೇನೆ' ಎಂಬುದರಿಂದ 'ಸ್ವಲ್ಪವೂ ಒಪ್ಪುವುದಿಲ್ಲ' ಎಂಬುದರ ತನಕ ನಾಲ್ಕು ಉತ್ತರಗಳು. ಐದು ವಾಕ್ಯ ನೇರ, ಅಂದರೆ ತನ್ನನ್ನು ಮೆಚ್ಚಿಕೊಳ್ಳುವಂಥವು; ಐದು ತಿರುಗುಮುರುಗು, ಅಂದರೆ ತನ್ನನ್ನು ಕೀಳಾಗಿ ಕಾಣುವಂಥವು. ಒಂದೊಂದಕ್ಕೆ 0ಯಿಂದ 3 ಅಂಕ ಕೊಟ್ಟರೆ ಒಟ್ಟು 30. ಎಣಿಸುವಾಗ ಆಗುವ ಸಾಮಾನ್ಯ ತಪ್ಪು ತಿರುಗುಮುರುಗು ವಾಕ್ಯಗಳ ಅಂಕವನ್ನು ಹಿಂದುಮುಂದು ಮಾಡದೆ ಕೂಡಿಸುವುದು. ಹಾಗೆ ಕೂಡಿಸಿದ ಮೊತ್ತಕ್ಕೆ ಅರ್ಥವೇ ಇಲ್ಲ. 53 ದೇಶಗಳಲ್ಲಿ ಈ ಅಳತೆಯನ್ನು ಬಳಸಿ 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 'ನನ್ನ ಮೇಲೆ ನನಗೆ ಇನ್ನಷ್ಟು ಗೌರವ ಇದ್ದಿದ್ದರೆ' ಎಂಬ ಎಂಟನೇ ವಾಕ್ಯ ಹಲವು ಕಡೆ ಉಳಿದವುಗಳ ಜೊತೆ ಹೊಂದಲಿಲ್ಲ. ವಿನಯ ಕಲಿಸುವ ಮನೆಗಳಲ್ಲಿ ಬೆಳೆದವರು ಇಂಥ ವಾಕ್ಯಕ್ಕೆ ಸುಲಭವಾಗಿ ಹೌದು ಅನ್ನುತ್ತಾರೆ. ಆದ್ದರಿಂದ ಮೊಬೈಲಿನಲ್ಲಿ ಪರೀಕ್ಷೆ ಬರೆದು "ನನಗ 14 ಬಂತು, ನನ್ನ ಕಥಿ ಮುಗೀತು" ಎಂದು ಕೂರುವುದು ಬೇಡ. ಇದು ರೋಗ ಪತ್ತೆಯ ಪರೀಕ್ಷೆಯೂ ಅಲ್ಲ. ಮುಂದೆ ಹೇಳುವ ಪ್ರಯೋಗಗಳನ್ನು ಎರಡು ತಿಂಗಳು ಮಾಡುವ ಮೊದಲು ಒಮ್ಮೆ, ಆಮೇಲೆ ಒಮ್ಮೆ ಬರೆದು, ತನ್ನನ್ನು ತನ್ನ ಜೊತೆಗೇ ಹೋಲಿಸಿಕೊಳ್ಳಲು ಚೆನ್ನಾಗಿ ಒದಗುತ್ತದೆ.

ಆತ್ಮಗೌರವ ಇರುವುದಾದರೂ ಯಾತಕ್ಕೆ ಎಂಬುದಕ್ಕೆ 1995ರಲ್ಲಿ ಮಾರ್ಕ್ ಲಿಯರಿ ಮತ್ತು ಸಂಗಡಿಗರು ಕೊಟ್ಟ ಉತ್ತರ ನಮಗೆ ಬಹಳ ಉಪಯುಕ್ತ ಎನಿಸುತ್ತದೆ. ಅವರ ಪ್ರಕಾರ ಅದೊಂದು ಮುಳ್ಳು, ಗಾಡಿಯ ಪೆಟ್ರೋಲ್ ಮುಳ್ಳಿನ ಹಾಗೆ. ಜನ ನನ್ನನ್ನು ಸೇರಿಸಿಕೊಳ್ಳುತ್ತಾರೋ ದೂರ ಇಡುತ್ತಾರೋ ಎಂಬುದನ್ನು ಅದು ತೋರಿಸುತ್ತದೆ. ಸಾವಿರಾರು ವರ್ಷ ಗುಂಪಿನಲ್ಲೇ ಬದುಕಿದ ಮನುಷ್ಯನಿಗೆ ಗುಂಪಿನಿಂದ ಹೊರಬೀಳುವುದು ಸಾವಿಗೆ ಸಮವಾಗಿತ್ತು. ಅದಕ್ಕೇ ಈ ಮುಳ್ಳು ಅಷ್ಟು ಸೂಕ್ಷ್ಮ. ಮದುವೆ ಮಂಟಪದಲ್ಲಿ ಕಾಕಾ ಒಬ್ಬರು ಎಲ್ಲರೆದುರು "ಎಷ್ಟ್ ಬಿದ್ವೋ ತಮ್ಮಾ ಮಾರ್ಕ್ಸ್?" ಎಂದಾಗ ಹೊಟ್ಟೆಯಲ್ಲಿ ಧಸಕ್ಕೆನ್ನುವುದು ಇದರಿಂದಲೇ. ಹೊಗಳಿಕೆ ಯಾಕೆ ಸೋಲುತ್ತದೆ ಎಂಬುದೂ ಇಲ್ಲಿಂದ ತಿಳಿಯುತ್ತದೆ. ಮುಳ್ಳನ್ನು ಬೆರಳಿನಿಂದ ಮೇಲಕ್ಕೆ ತಳ್ಳಿದರೆ ಟ್ಯಾಂಕ್ ತುಂಬುವುದಿಲ್ಲ.

ಕ್ಯಾಲಿಫೋರ್ನಿಯಾ ರಾಜ್ಯ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿತು. 1986ರಲ್ಲಿ ಸರ್ಕಾರವೇ ಒಂದು ಕಾರ್ಯಪಡೆ ರಚಿಸಿತು. ಆತ್ಮಗೌರವ ಏರಿಸಿದರೆ ಅಪರಾಧ, ಮಾದಕ ವ್ಯಸನ, ಶಾಲೆ ಬಿಡುವುದು ಎಲ್ಲ ಕಡಿಮೆಯಾಗುತ್ತದೆ ಎಂಬ ಭರವಸೆ ಅದರ ಹಿಂದಿತ್ತು. 2003ರಲ್ಲಿ ರಾಯ್ ಬಾಮೈಸ್ಟರ್ ಮತ್ತು ಮೂವರು ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನೆಲ್ಲ ಜರಡಿ ಹಿಡಿದರು. ಆತ್ಮಗೌರವ ಹೆಚ್ಚಿಸಿದ್ದರಿಂದ ಅಂಕ ಹೆಚ್ಚಾದದ್ದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. ಚೆನ್ನಾಗಿ ಓದಿದವರ ಆತ್ಮಗೌರವವೇ ಸ್ವಲ್ಪ ಏರುತ್ತಿತ್ತು. ಹಾಗೆಂದು ಅದು ನಿರರ್ಥಕವೇನಲ್ಲ. ಸಂತೋಷದ ಜೊತೆ, ಮುಂದೆ ಬಿದ್ದು ಕೆಲಸ ಶುರುಮಾಡುವ ಗುಣದ ಜೊತೆ, ಸೋತ ಮೇಲೂ ಪಟ್ಟು ಬಿಡದಿರುವುದರ ಜೊತೆ ಅದಕ್ಕೆ ನಂಟು ಕಂಡುಬಂತು.

ಈಗ ಮುಖ್ಯ ವಿಷಯಕ್ಕೆ ಬರೋಣ. ಆತ್ಮಗೌರವ ಎಷ್ಟಿದೆ ಎಂಬುದಕ್ಕಿಂತ ಅದನ್ನು ಯಾವುದಕ್ಕೆ ಕಟ್ಟಿದ್ದೇವೆ ಎಂಬುದು ಬದುಕಿನ ಮೇಲೆ ಹೆಚ್ಚು ಪರಿಣಾಮ ಮಾಡುತ್ತದೆ. ಜೆನಿಫರ್ ಕ್ರಾಕರ್ 2000ರ ನಂತರ ಇದನ್ನು ವಿವರವಾಗಿ ಅಧ್ಯಯನ ಮಾಡಿ, ಕಾಲೇಜು ವಿದ್ಯಾರ್ಥಿಗಳು ತಮ್ಮ ಬೆಲೆ ಕಟ್ಟುವ ಏಳು ಕ್ಷೇತ್ರಗಳನ್ನು ಗುರುತಿಸಿದರು: ಓದು, ರೂಪ, ಇತರರ ಮೆಚ್ಚುಗೆ, ಪೈಪೋಟಿಯಲ್ಲಿ ಗೆಲುವು, ಮನೆಯವರ ಆಸರೆ, ಸದ್ಗುಣ, ದೇವರ ಪ್ರೀತಿ. ಮೊದಲ ನಾಲ್ಕು ನಮ್ಮ ಕೈಯಲ್ಲಿ ಇಲ್ಲದ್ದಕ್ಕೇ ಹೆಚ್ಚು ಜೋತು ಬಿದ್ದಿರುತ್ತವೆ. ಅಲ್ಲಿ ಬೆಲೆ ಕಟ್ಟಿಕೊಂಡವರ ಮನಸ್ಸು ಒಳ್ಳೆಯ ಫಲಿತಾಂಶ ಬಂದ ದಿನ ಏರುತ್ತದೆ, ಬಾರದ ದಿನ ಕುಸಿಯುತ್ತದೆ. ಮೈಕೆಲ್ ಕೆರ್ನಿಸ್ ಈ ಏರಿಳಿತವನ್ನೇ ಬೇರೆಯಾಗಿ ಅಳೆದರು. ಒಂದೇ ವ್ಯಕ್ತಿಯಿಂದ ದಿನಕ್ಕೆರಡು ಬಾರಿ, ಹಲವು ದಿನ ಉತ್ತರ ಬರೆಸಿದಾಗ ಆತ್ಮಗೌರವ ಎತ್ತರದಲ್ಲಿದ್ದರೂ ನಡುಗುವವರು ಸಿಕ್ಕರು. ಸಣ್ಣ ಟೀಕೆಗೂ ಸಿಡಿದೇಳುವವರು ಅವರಲ್ಲೇ ಹೆಚ್ಚು. ಊರಿನಲ್ಲಿ ಎದೆ ಸೆಟೆಸಿ ಓಡಾಡುವ, ಆದರೆ ಪಂಗತಿಯಲ್ಲಿ ಎರಡನೇ ಸಾಲಿಗೆ ಕೂರಿಸಿದರೆ ತಿಂಗಳುಗಟ್ಟಲೆ ಮಾತು ಬಿಡುವ ಹಿರಿಯರ ಸಿಟ್ಟಿನ ಬೇರು ಎಷ್ಟೋ ಸಲ ಇಲ್ಲಿರುತ್ತದೆ. ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರನಿಗೂ ಇದು ಅನ್ವಯಿಸುತ್ತದೆ. ಒಣದ್ರಾಕ್ಷಿಯ ದರ ಅವನ ಕೈಯಲ್ಲಿಲ್ಲ, ಅಕಾಲದ ಮಳೆಯೂ ಇಲ್ಲ. ಆ ದರಕ್ಕೇ ತನ್ನ ಮಾನವನ್ನು ಕಟ್ಟಿದವನಿಗೆ ಸಾಲದ ಜೊತೆ ಇನ್ನೊಂದು ಭಾರ ಸೇರುತ್ತದೆ, ಮತ್ತು ನಾಲ್ಕು ಮಂದಿಗೆ ಮುಖ ತೋರಿಸದೆ ಕೂತಾಗ ನೆರವಿನ ದಾರಿಯೂ ಮುಚ್ಚುತ್ತದೆ.

ಕುಗ್ಗಿದ ಆತ್ಮಗೌರವ ವರ್ಷಗಟ್ಟಲೆ ಹಾಗೇ ಉಳಿಯುವುದು ಹೇಗೆ? 1997ರಲ್ಲಿ ಬ್ರಿಟನ್ನಿನ ಮೆಲನಿ ಫೆನೆಲ್ ಇದರ ಒಳಗಿನ ಚಕ್ರವನ್ನು ಬಿಡಿಸಿಟ್ಟರು. ಹುನಗುಂದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಶಾಲೆಗೇ ಮೊದಲಿಗಳಾಗಿ, ಬೆಳಗಾವಿಯ ಕಾಲೇಜಿನಲ್ಲಿ ಪಿಯು ಸೈನ್ಸ್ ಸೇರಿದ ಹುಡುಗಿಯನ್ನು ತೆಗೆದುಕೊಂಡು ನೋಡೋಣ.

ಚಕ್ರದ ತಳದಲ್ಲಿ ಒಂದು ತೀರ್ಪು ಇರುತ್ತದೆ. ಇವಳದು "ನಾ ದಡ್ಡಿ". ಅದು ಒಂದೇ ದಿನ ಹುಟ್ಟಿದ್ದಲ್ಲ. ಚಿಕ್ಕಂದಿನಲ್ಲಿ ಅಣ್ಣನ ಜೊತೆ ಹೋಲಿಸಿ ಆಡಿದ ಮಾತುಗಳು ಕೂಡಿ ಆದದ್ದು. ತೀರ್ಪಿನ ಮೇಲೆ ಒಂದು ನಿಯಮ ಕಟ್ಟಿಕೊಳ್ಳುತ್ತದೆ: "ಬಾಯಿ ತೆರೀಲಿಲ್ಲ ಅಂದ್ರ ಯಾರಿಗೂ ಗೊತ್ತಾಗೂದಿಲ್ಲ." ಹಳ್ಳಿಯ ಶಾಲೆಯಲ್ಲಿ ಅಂಕ ಚೆನ್ನಾಗಿ ಬರುತ್ತಿದ್ದುದರಿಂದ ನಿಯಮಕ್ಕೆ ಪೆಟ್ಟು ಬೀಳಲಿಲ್ಲ. ಬೆಳಗಾವಿಯಲ್ಲಿ ಲೆಕ್ಚರರ್ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದ ಕೂಡಲೇ ನಿಯಮ ಅಲುಗಾಡುತ್ತದೆ. ಆಗ ಮುನ್ನೂಹೆ: "ತಪ್ಪ ಹೇಳಿದ್ರ ಎಲ್ಲಾರೂ ನಗ್ತಾರ." ಎದೆ ಬಡಿತ ಏರುತ್ತದೆ, ಗೊತ್ತಿದ್ದ ಉತ್ತರವೂ ಮರೆಯುತ್ತದೆ. ಅದರಿಂದ ತಪ್ಪಿಸಿಕೊಳ್ಳಲು ಅವಳು ಹಿಂದಿನ ಬೆಂಚಿಗೆ ಸರಿಯುತ್ತಾಳೆ, ತಲೆ ತಗ್ಗಿಸಿ ನೋಟ್ಸ್ ಬರೆಯುವ ಹಾಗೆ ಮಾಡುತ್ತಾಳೆ, ಡೌಟ್ ಕೇಳುವುದಿಲ್ಲ. ಡೌಟ್ ಉಳಿದು ಮೊದಲ ಟೆಸ್ಟಿನಲ್ಲಿ ಅಂಕ ಕಡಿಮೆಯಾದಾಗ ತಳದ ತೀರ್ಪಿಗೆ ಸಾಕ್ಷಿ ಸಿಕ್ಕಂತಾಗುತ್ತದೆ. ಇನ್ನೊಂದು ಟೆಸ್ಟಿನಲ್ಲಿ ಅಂಕ ಬಂದರೂ "ಪೇಪರ್ ಸುಲಭ ಇತ್ತು" ಎಂದು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಒಳ್ಳೆಯದು ಒಳಬಾರದಂತೆ, ಕೆಟ್ಟದ್ದು ಮಾತ್ರ ಜಮೆಯಾಗುವಂತೆ ಚಕ್ರ ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ. ಇಂಥವಳಿಗೆ "ನೀ ಭಾಳ ಶಾಣ್ಯಾಕಿ" ಅಂದರೆ ಆ ಮಾತು ನಿಲ್ಲಲು ಒಳಗೆ ಜಾಗವೇ ಇಲ್ಲ.

ಇದರ ಜೊತೆ ಇನ್ನೊಂದು ಸಂಗತಿಯೂ ನಡೆಯುತ್ತಿರುತ್ತದೆ. 1980ರ ದಶಕದಲ್ಲಿ ಹರ್ಬರ್ಟ್ ಮಾರ್ಷ್ ತೋರಿಸಿದಂತೆ, ಒಂದೇ ಸಾಮರ್ಥ್ಯದ ಮಕ್ಕಳು ಜಾಣರೇ ತುಂಬಿರುವ ಶಾಲೆಗೆ ಹೋದಾಗ ಓದಿನ ಬಗ್ಗೆ ತಮಗಿದ್ದ ಅಭಿಪ್ರಾಯ ಇಳಿಯುತ್ತದೆ. ಬುದ್ಧಿ ಕಡಿಮೆಯಾಗಿರುವುದಿಲ್ಲ, ಹೋಲಿಸಿಕೊಳ್ಳುವ ಗುಂಪು ಬದಲಾಗಿರುತ್ತದೆ. ನವೋದಯ, ಸೈನಿಕ ಶಾಲೆ, ಅಂಕದ ಮೇಲೆ ಸೆಕ್ಷನ್ ಮಾಡುವ ಪಿಯು ಕಾಲೇಜು, ಎಲ್ಲಿಗೆ ಕಳಿಸುವುದಿದ್ದರೂ ಮೊದಲ ಆರು ತಿಂಗಳು ಹೀಗಾಗಬಹುದೆಂದು ಮಗುವಿಗೆ ಮುಂಚೆಯೇ ಹೇಳಿ ಕಳಿಸುವುದು ಒಳ್ಳೆಯದು. ಹೇಳದಿದ್ದರೆ ಮಗು ಇದನ್ನು ತನ್ನ ದಡ್ಡತನ ಎಂದೇ ಓದಿಕೊಳ್ಳುತ್ತದೆ.

ಚಕ್ರ ಮುರಿಯುವುದು ವಾದದಿಂದ ಆಗುವ ಕೆಲಸವಲ್ಲ, ಪ್ರಯೋಗ ಮಾಡಿ ನೋಡಬೇಕು. ಒಂದು ನೂರು ಪುಟದ ನೋಟ್‌ಬುಕ್ ಸಾಕು. ಮೊದಲು ಮುನ್ನೂಹೆಯನ್ನು ಎಣಿಸಲು ಬರುವಂತೆ ಬರೆಯಬೇಕು. "ನಾ ದಡ್ಡಿ" ಎಂಬುದನ್ನು ಪರೀಕ್ಷಿಸಲಾಗದು. "ನಾಳಿ ಫಿಸಿಕ್ಸ್ ಕ್ಲಾಸಿನ್ಯಾಗ ಡೌಟ್ ಕೇಳಿದ್ರ ಅರ್ಧ ಮಂದಿ ನಗ್ತಾರ, ಸರ್ ಬೈತಾರ" ಎಂಬುದನ್ನು ಪರೀಕ್ಷಿಸಬಹುದು. ಪಕ್ಕದಲ್ಲಿ ಅದನ್ನು ಎಷ್ಟು ನಂಬುತ್ತೀರಿ ಎಂದು ಶೇಕಡಾದಲ್ಲಿ ಹಾಕಿ, 80 ಅನ್ನಿ. ಆಮೇಲೆ ತಪ್ಪಿಸಿಕೊಳ್ಳುವ ಅಭ್ಯಾಸಗಳ ಪಟ್ಟಿ ಮಾಡಿ: ಹಿಂದಿನ ಬೆಂಚು, ಸಣ್ಣ ದನಿ, ಗೆಳತಿಯಿಂದ ಕೇಳಿಸುವುದು, ವಾಕ್ಯವನ್ನು ಹತ್ತು ಸಲ ಮನಸ್ಸಿನಲ್ಲೇ ಹೇಳಿಕೊಳ್ಳುವುದು. ಪ್ರಯೋಗದ ದಿನ ಇವುಗಳಲ್ಲಿ ಒಂದನ್ನಾದರೂ ಬಿಡಲೇಬೇಕು. ಹೆಚ್ಚಿನವರು ಎಡವುವುದು ಈ ಹಂತದಲ್ಲಿ. ಗೆಳತಿಯಿಂದ ಕೇಳಿಸಿ ಯಾರೂ ನಗದಿದ್ದರೆ ಮನಸ್ಸು ಆ ಗೆಲುವನ್ನು ಗೆಳತಿಯ ಖಾತೆಗೇ ಬರೆಯುತ್ತದೆ.

ಮೆಟ್ಟಿಲು ಚಿಕ್ಕದಿರಲಿ. ಮೊದಲ ವಾರ ಕ್ಲಾಸ್ ಮುಗಿದ ಮೇಲೆ ಲೆಕ್ಚರರ್ ಬಳಿ ಹೋಗಿ ಕನ್ನಡದಲ್ಲೇ ಕೇಳುವುದು. ಎರಡನೇ ವಾರ ಕ್ಲಾಸಿನೊಳಗೆ ಕನ್ನಡದಲ್ಲಿ, ಮೂರನೆಯದರಲ್ಲಿ ಅರ್ಧಂಬರ್ಧ ಇಂಗ್ಲಿಷಿನಲ್ಲಿ. ಒಂದು ಮೆಟ್ಟಿಲಿನ ಹೆದರಿಕೆ ಅರ್ಧಕ್ಕೆ ಇಳಿಯುವ ತನಕ ಮುಂದಿನದು ಬೇಡ. ಸಾಮಾನ್ಯವಾಗಿ ಎರಡು ಮೂರು ಸಲವಾದರೂ ಮಾಡಬೇಕಾಗುತ್ತದೆ. ಅಂದೇ ಸಂಜೆ ಕಣ್ಣಿಗೆ ಕಂಡದ್ದನ್ನು ಬರೆಯಬೇಕು: ಎಷ್ಟು ಜನ ನಕ್ಕರು, ಸರ್ ಏನೆಂದರು, ಡೌಟ್ ಬಗೆಹರಿಯಿತೇ. 'ನಾಚಿಕೆ ಆತು' ಎಂಬುದು ಭಾವನೆ, ಅದಕ್ಕೆ ಬೇರೆ ಸಾಲು. ಕೊನೆಗೆ ಮೊದಲಿನ ನಂಬಿಕೆಗೆ ಮತ್ತೆ ಶೇಕಡಾ ಹಾಕಿ. 80 ಇದ್ದದ್ದು 60 ಆದರೂ ಕೆಲಸ ಆಗಿದೆ. ಒಂದೇ ಸಲಕ್ಕೆ ಸೊನ್ನೆಗೆ ಇಳಿದರೆ ಅನುಮಾನಿಸಿ, ಅದು ಉತ್ಸಾಹದ ಅಂಕಿ.

ಇಬ್ಬರು ನಿಜಕ್ಕೂ ನಕ್ಕರೆ? ಅದನ್ನೂ ಬರೆಯಿರಿ. ಊಹಿಸಿದ್ದು ಮೂವತ್ತು ಜನ, ನಕ್ಕವರು ಇಬ್ಬರು, ನಗು ಎಷ್ಟು ಹೊತ್ತಿತ್ತು, ಆಮೇಲೆ ಏನಾಯಿತು. "ಆ ಸರ್ ಚಲೋ ಅದಾರ, ಅದಕ್ಕ ಬೈಲಿಲ್ಲ" ಎಂದು ಮನಸ್ಸು ಗೆರೆ ಬದಲಿಸಿದರೆ, ಮುಂದಿನ ಪ್ರಯೋಗ ಇನ್ನೊಬ್ಬ ಲೆಕ್ಚರರ್ ಕ್ಲಾಸಿನಲ್ಲಿ ಆಗಲಿ.

ಎಷ್ಟೋ ಪುಸ್ತಕಗಳು ಹೇಳದ ಒಂದು ಮಾತನ್ನು ಇಲ್ಲಿ ಹೇಳಲೇಬೇಕು: ಕೊರತೆ ನಿಜವಾಗಿದ್ದರೆ ಕೊರತೆಯನ್ನೇ ತುಂಬಬೇಕು. ಇಂಗ್ಲಿಷ್ ಪಾರಿಭಾಷಿಕ ಪದಗಳು ಗೊತ್ತಿಲ್ಲದೆ ಇರುವಾಗ ಯೋಚನೆ ಬದಲಿಸಿ ಪ್ರಯೋಜನವಿಲ್ಲ. ಈ ಹುಡುಗಿಗೆ ವಿಷಯ ಗೊತ್ತಿದೆ, ಹೆಸರು ಗೊತ್ತಿಲ್ಲ. ವೇಗೋತ್ಕರ್ಷವೇ ಆಕ್ಸಿಲರೇಶನ್, ದ್ಯುತಿಸಂಶ್ಲೇಷಣೆಯೇ ಫೋಟೋಸಿಂಥೆಸಿಸ್, ಆವರ್ತ ಕೋಷ್ಟಕವೇ ಪೀರಿಯಾಡಿಕ್ ಟೇಬಲ್. ಪುಟವನ್ನು ಎರಡು ಕಾಲಂ ಮಾಡಿ ದಿನಕ್ಕೆ ಹತ್ತು ಪದ ಬರೆದರೆ ಎರಡು ತಿಂಗಳಿಗೆ ಆರುನೂರು. ಪಿಯು ಮೊದಲ ವರ್ಷದ ಪಾಠ ಹಿಡಿಯಲು ಅಷ್ಟು ಬಹಳ ದೊಡ್ಡ ಆಸರೆ. ಆ ಪಟ್ಟಿ ಬೆಳೆಯುವುದನ್ನು ಕಣ್ಣಾರೆ ಕಾಣುವುದು ಬಂಡೂರಾ ಹೇಳಿದ 'ತಾನೇ ಮಾಡಿ ಗೆದ್ದದ್ದು'.

ಕನ್ನಡಿ ಮುಂದೆ ನಿಂತು "ನಾನು ಪ್ರೀತಿಗೆ ಅರ್ಹ" ಎಂದು ಹೇಳಿಕೊಳ್ಳುವ ಉಪಾಯ ಈಗ ರೀಲ್ಸ್ ತುಂಬಾ ಇದೆ. 2009ರಲ್ಲಿ ಜೊಆನ್ ವುಡ್ ಮತ್ತು ಸಂಗಡಿಗರು ಅಂಥದೇ ವಾಕ್ಯವನ್ನು ವಿದ್ಯಾರ್ಥಿಗಳಿಂದ ಮತ್ತೆ ಮತ್ತೆ ಹೇಳಿಸಿದರು. ಆತ್ಮಗೌರವ ಚೆನ್ನಾಗಿದ್ದವರಿಗೆ ತುಸು ಹಿತವಾಯಿತು. ಕಡಿಮೆ ಇದ್ದವರಿಗೆ ಮೊದಲಿಗಿಂತ ಬೇಸರವೇ ಹೆಚ್ಚಾಯಿತು. ನಂಬಲಾಗದ ಮಾತನ್ನು ಹೇಳಿಕೊಂಡಾಗ ಒಳಗಿನಿಂದ ಅದಕ್ಕೆ ವಿರುದ್ಧದ ಸಾಕ್ಷಿಗಳೇ ಎದ್ದು ಬರುತ್ತವೆ. ಅದರ ಬದಲು ರಾತ್ರಿ ಮೂರು ಸಾಲು ಬರೆಯಿರಿ, ಮೂರೂ ಮಾಡಿದ ಕೆಲಸದ ಬಗ್ಗೆ. 'ಇವತ್ತು ಒಳ್ಳೆಯವಳಾಗಿದ್ದೆ' ಬೇಡ. 'ತಂಗಿಗೆ ಭಾಗಾಕಾರ ಹೇಳಿಕೊಟ್ಟೆ, ಎರಡು ಲೆಕ್ಕ ಅವಳೇ ಬಿಡಿಸಿದಳು' ಎಂಬಂಥದು ಬೇಕು. ಇದರ ಜೊತೆಗೆ ಕ್ರಿಸ್ಟಿನ್ ನೆಫ್ 2003ರಿಂದ ವಿವರಿಸುತ್ತ ಬಂದ ಸ್ವ-ಕರುಣೆ ಕೆಲಸಕ್ಕೆ ಬರುತ್ತದೆ: ನೋವನ್ನು ಇದ್ದಷ್ಟೇ ಗುರುತಿಸುವುದು, ಇಂಥದು ಎಲ್ಲರಿಗೂ ಆಗುತ್ತದೆಂದು ನೆನೆಯುವುದು, ಗೆಳತಿಗೆ ಆಡುವ ದನಿಯಲ್ಲಿ ತನಗೂ ಮಾತಾಡುವುದು. ಇದಕ್ಕೆ ಗೆಲ್ಲಬೇಕಾಗಿಲ್ಲ, ಯಾರಿಗಿಂತಲೂ ಮೇಲಿರಬೇಕಾಗಿಲ್ಲ. ಸೋತ ದಿನವೂ ಒದಗುವುದು ಇದೇ.

ತಂದೆತಾಯಿಗೆ, ಶಿಕ್ಷಕರಿಗೆ ಎರಡು ಪ್ರಯೋಗಗಳು ಗೊತ್ತಿರಬೇಕು. 1998ರಲ್ಲಿ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಐದನೇ ತರಗತಿಯ ಮಕ್ಕಳಿಗೆ ಒಗಟಿನಂಥ ಲೆಕ್ಕ ಕೊಟ್ಟು, ಕೆಲವರನ್ನು ಬುದ್ಧಿಗೆ, ಕೆಲವರನ್ನು ಶ್ರಮಕ್ಕೆ ಹೊಗಳಿದರು. ಮುಂದೆ ಕಷ್ಟದ ಲೆಕ್ಕದಲ್ಲಿ ಸೋತಾಗ ಬುದ್ಧಿಗೆ ಹೊಗಳಿಸಿಕೊಂಡವರು ಬೇಗ ಕೈಬಿಟ್ಟರು. ಅವರಲ್ಲಿ ಶೇಕಡಾ 38ರಷ್ಟು ಮಕ್ಕಳು ತಮ್ಮ ಅಂಕವನ್ನು ಬೇರೆ ಮಕ್ಕಳಿಗೆ ಹೆಚ್ಚಿಸಿ ಹೇಳಿದರು. 2014ರಲ್ಲಿ ನೆದರ್ಲೆಂಡ್ಸಿನ ಎಡ್ಡಿ ಬ್ರುಮ್ಮೆಲ್‌ಮನ್ ತಂಡ ಮಕ್ಕಳ ಚಿತ್ರಕ್ಕೆ 'ಚೆನ್ನಾಗಿದೆ' ಎಂದು ಕೆಲವರಿಗೆ, 'ನಂಬಲಾಗದಷ್ಟು ಚೆನ್ನಾಗಿದೆ' ಎಂದು ಕೆಲವರಿಗೆ ಹೇಳಿತು. ಆತ್ಮಗೌರವ ಕಡಿಮೆ ಇದ್ದ ಮಕ್ಕಳು ಆ ಅತಿ ಹೊಗಳಿಕೆ ಕೇಳಿದ ಮೇಲೆ ಸುಲಭದ ಚಿತ್ರವನ್ನೇ ಆರಿಸಿಕೊಂಡರು. ಮುಂದಿನ ಸಲವೂ ಅಷ್ಟು ಎತ್ತರ ಮುಟ್ಟಬೇಕಲ್ಲ ಎಂಬ ಹೆದರಿಕೆ. ದೊಡ್ಡವರು ಅತಿ ಹೊಗಳಿಕೆ ಹೆಚ್ಚು ಸುರಿಯುವುದೂ ಇಂಥ ಮಕ್ಕಳಿಗೇ ಎಂಬುದು ಇಲ್ಲಿನ ದುಃಖದ ಸಂಗತಿ. ಹೊಗಳುವುದಾದರೆ ಕಂಡದ್ದನ್ನು ಹೇಳಿ: "ಈ ಲೆಕ್ಕ ಎರಡ ರೀತಿಲೆ ಬಿಡಿಸಿ ನೋಡಿದೆಲ್ಲ, ಅದು ಚಲೋ ಆತು." ಬೈಯುವಾಗಲೂ ಕೆಲಸದ ಮೇಲೆ ಬೈಯಿರಿ. "ಇವತ್ತ ಹೋಂವರ್ಕ್ ಮಾಡಿಲ್ಲ" ಎಂಬುದನ್ನು ನಾಳೆ ಸರಿಪಡಿಸಬಹುದು. "ನಿನ್ನ ಕೈಲೆ ಆಗೂದಿಲ್ಲ ಬಿಡು" ಎಂಬುದನ್ನು ಮಗು ತಳದ ತೀರ್ಪಾಗಿ ಇಟ್ಟುಕೊಳ್ಳುತ್ತದೆ.

ಆತ್ಮಗೌರವದ ಮುಳ್ಳು ಕೆಳಗಿರುವುದಕ್ಕೆ ಕಾರಣ ಸುತ್ತಲಿನವರ ನಡತೆಯೇ ಆಗಿರುವುದೂ ಉಂಟು. ಜಾತಿ ಹಿಡಿದು ಮಾತಾಡುವ ಹಾಸ್ಟೆಲ್, ಬಣ್ಣದ ಮೇಲೆ ಹಂಗಿಸುವ ಅತ್ತೆಮನೆ, ಹೊಡೆಯುವ ಗಂಡ. ಇಲ್ಲಿ ನೋಟ್‌ಬುಕ್ ಕೊಟ್ಟು "ಯೋಚನೆ ಬದಲಿಸು" ಎನ್ನುವುದು ಅನ್ಯಾಯ. ಕ್ರಾಕರ್ ಮತ್ತು ಬ್ರೆಂಡಾ ಮೇಜರ್ 1989ರಲ್ಲೇ ಬರೆದಂತೆ, ಅವಮಾನಕ್ಕೆ ಒಳಗಾದ ಸಮುದಾಯಗಳ ಜನ ಆತ್ಮಗೌರವದಲ್ಲಿ ಕೆಳಗಿರಲೇಬೇಕು ಎಂದೇನಿಲ್ಲ; ತಪ್ಪು ತಮ್ಮದಲ್ಲ, ಎದುರಿನವರ ಪೂರ್ವಗ್ರಹದ್ದು ಎಂದು ಗುರುತಿಸುವುದು ಅವರನ್ನು ಕಾಯುತ್ತದೆ. ಇಂಥ ಕಡೆ ಮೊದಲ ಕೆಲಸ ಆ ಜಾಗ ಬದಲಿಸುವುದು ಅಥವಾ ಜೊತೆಗೆ ಜನ ಕೂಡಿಸುವುದು.

ವಯಸ್ಸಿನ ಬಗ್ಗೆ ಒಂದು ಸಮಾಧಾನದ ಸಂಗತಿ. ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಉಲ್ರಿಶ್ ಆರ್ಥ್ ತಂಡ ಕಂಡಂತೆ, ಸರಾಸರಿ ಆತ್ಮಗೌರವ 11ರಿಂದ 15ರ ತನಕ ಅಷ್ಟೇ ಇದ್ದು, 30ರ ತನಕ ಚೆನ್ನಾಗಿ ಏರಿ, 60ರ ಹೊತ್ತಿಗೆ ತುದಿ ಮುಟ್ಟುತ್ತದೆ. ಹದಿನೇಳರ ಅಳತೆ ಬದುಕಿನ ಅಳತೆಯಲ್ಲ.

ಎರಡು ವಾರ ಮೀರಿ ದಿನದ ಬಹುಪಾಲು ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ ಊಟ ಕೆಟ್ಟಿರುವುದು, 'ನಾ ಇರಬಾರದಿತ್ತು' ಎಂಬ ಮಾತು ಕಂಡರೆ ಅದು ಖಿನ್ನತೆ ಇರಬಹುದು. ಖಿನ್ನತೆಯೇ ತನ್ನ ಬಗ್ಗೆ ಕೆಟ್ಟದಾಗಿ ಯೋಚಿಸುವಂತೆ ಮಾಡುತ್ತದೆ. ಅದಕ್ಕೆ ಮೊದಲು ಚಿಕಿತ್ಸೆಯಾಗಬೇಕು, ಮೇಲಿನ ಪ್ರಯೋಗಗಳು ಆಮೇಲೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಡಿ ನಿಗದಿತ ದಿನ ಬರುತ್ತಾರೆ. ಯಾವ ದಿನವೆಂದು ಅಲ್ಲಿಯೇ ಕೇಳಿಕೊಂಡು ಹೋಗಿ. ಹೆಚ್ಚಿನ ಆರೈಕೆ ಬೇಕಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಸಾಯುವ ಯೋಚನೆ ಬಂದಿದ್ದರೆ ಆ ದಿನಕ್ಕೆ ಕಾಯಬೇಡಿ, ಒಬ್ಬರನ್ನೇ ಬಿಡಬೇಡಿ. ಟೆಲಿ-ಮಾನಸ್ ಸಹಾಯವಾಣಿಗೆ 14416 ಹಚ್ಚಿದರೆ ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು. ಫೋನ್ ಹಚ್ಚಲು ಅವರಿಗೆ ಸಂಕೋಚವಾದರೆ ಮನೆಯವರೇ ಹಚ್ಚಿ, ಪಕ್ಕದಲ್ಲಿ ಕೂತು ಅವರ ಕೈಗೆ ಕೊಡಿ.